ನೋಡುವವರಿಗೂ ಡ್ರಿಲ್

ನಮ್ಮ ಡ್ರಿಲ್ ಮೇಷ್ಟ್ರ ಎಡಗಿವಿ ಮಡಚಿಟ್ಟ ವೀಳ್ಯದೆಲೆಯ ಹಾಗೆ ಮುದುಡಿಕೊಂಡಿತ್ತು. ಹರೆಯದಲ್ಲಿ ಗರಡಿಮನೆಯಲ್ಲಿ ಕುಸ್ತಿ ಮಾಡುವಾಗ ಯಾರದೋ ಮೊಣಕೈಗೆ ಸಿಕ್ಕಿ ನಜ್ಜಿಹೋಗಿತ್ತಂತೆ. ಆ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ ಅನ್ನುವುದು ಎಂಟನೇ ಕ್ಲಾಸಿಗೆ ಸೇರಿದ ವಾರದಲ್ಲೇ ನಮಗೆಲ್ಲ ಗೊತ್ತಾಗಿಬಿಟ್ಟಿತ್ತು. ಹಾಗಾಗಿ ಹರಟೆ ಹೊಡೆಯುವ ಹುಡುಗಿಯರೆಲ್ಲ ಅವರ ಎಡಗಡೆಯ ಸಾಲಿನಲ್ಲೇ ನಿಲ್ಲುತ್ತಿದ್ದೆವು. ನಾನಂತೂ ಅಲ್ಲಿನ ಖಾಯಂ ಗಿರಾಕಿ. ಆದರೆ ಮೈದಾನದಲ್ಲಿ ಯಾರಾದರೂ ಎದುರು ಪಾರ್ಟಿಯವರಿಗೆ ಒಂದು ಕೆಟ್ಟ ಮಾತು ಅಂದರೆ ಸಾಕು, ಅದೇ ಎಡಗಿವಿಗೆ ಅದು ಹೇಗೆ ಕೇಳಿಸುತ್ತಿತ್ತೋ ಕಾಣೆ. ಪೀಪಿ ಊದಿಕೊಂಡು ಬಂದೇ ಬಿಡುತ್ತಿದ್ದರು.

ನಮ್ಮದು ತುರುವೇಕೆರೆಯಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿ ಒಂದು ಹೋಬಳಿ ಊರು. ಹೈಸ್ಕೂಲಿನ ಮೈದಾನಕ್ಕೆ ರಸ್ತೆಯ ಕಡೆ ಕಾಂಪೌಂಡು, ಮಿಕ್ಕ ಮೂರು ಕಡೆ ತೆಂಗಿನ ತೋಟವೇ ಬೇಲಿ. ಗಾಳಿ ಬಂದರೆ ಗರಿ ಬೀಳುತ್ತಿತ್ತು, ಗಾಳಿ ಇಲ್ಲದಿದ್ದರೂ ಹೊಂಬಾಳೆ ಬೀಳುತ್ತಿತ್ತು. ಡ್ರಿಲ್ ಪೀರಿಯಡ್ಡಿನ ಮೊದಲ ಕೆಲಸವೇ ಇವನ್ನೆಲ್ಲ ಎಳೆದು ಬದಿಗೆ ಹಾಕುವುದು. ಮೇಷ್ಟ್ರ ಸ್ವಂತ ಊರು ಕಂದಿಕೆರೆ ಕಡೆಯ ಒಂದು ಹಳ್ಳಿ. ಸೋಮವಾರ ಬೆಳಿಗ್ಗೆ ಬಸ್ಸಿನಿಂದ ಕೈಚೀಲ ಹಿಡಿದು ಇಳಿಯುವರು, ಶನಿವಾರ ಮಧ್ಯಾಹ್ನ ಅದೇ ಕೈಚೀಲ ಹಿಡಿದು ಹತ್ತುವರು. ಮಿಕ್ಕ ದಿನ ಕೊಬ್ಬರಿ ಮಂಡಿಯ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿ ಅವರದೇ ಅಡುಗೆ. ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಬೂಟು. ಬೂಟಿನ ಬಿಳುಪು ಮಾಸಿದರೆ ಬೋರ್ಡಿನ ಕೆಳಗೆ ಬಿದ್ದ ಸೀಮೆಸುಣ್ಣದ ಪುಡಿಯನ್ನೇ ಒದ್ದೆ ಬಟ್ಟೆಗೆ ಹಚ್ಚಿಕೊಂಡು ಬಳಿಯುತ್ತಿದ್ದರು.

ಆಟ ಕಲಿಸುವುದರಲ್ಲಿ ಅವರನ್ನು ಮೀರಿಸಿದವರು ಇರಬಹುದು. ಆಟದ ನಡತೆ ಕಲಿಸುವುದರಲ್ಲಿ ಮಾತ್ರ ಅವರಂಥ ಹಠಮಾರಿಯನ್ನು ನಾನು ಬೇರೆ ಕಂಡಿಲ್ಲ. ಗೆರೆ ದಾಟಿದರೆ ಅಂಪೈರ್ ನೋಡಲಿ, ನೋಡದಿರಲಿ, ನಾವೇ ಕೈ ಎತ್ತಬೇಕು. ಒಮ್ಮೆ ಕಬಡ್ಡಿ ಆಡುವ ಹುಡುಗನೊಬ್ಬ, "ಅಂಪೈರ್ ಏನೂ ಅನ್ನಲಿಲ್ಲ ಸಾ, ನಾನ್ಯಾಕೆ ಹೇಳಾನ?" ಅಂದ. ಮೇಷ್ಟ್ರು ಅವನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಅವನ ಪಾದ ತೋರಿಸಿ ಕೇಳಿದರು: "ಅಂಪೈರಿಗೆ ಕಾಣ್ದೇ ಇರಬಹುದು ಕಣ್ಲಾ. ಗೆರೆ ತುಳ್ದಿದ್ದು ಇದು ತಾನೇ? ಇದಕ್ಕೂ ಗೊತ್ತಿಲ್ವಾ?" ಆ ಹುಡುಗ ಪಾಪ, ತನ್ನ ಕಾಲನ್ನೇ ಹೊಸದಾಗಿ ನೋಡಿದವನ ಹಾಗೆ ನೋಡಿಕೊಂಡ. ಬೇರೆ ಊರಿನ ಪಾರ್ಟಿ ಬಂದರೆ ಮೊದಲು ನಾವು ನೀರು ಕೊಡಬೇಕು. ಗೆದ್ದರೆ ಅವರ ಕೈ ಕುಲುಕುವ ತನಕ ಕುಣಿಯುವ ಹಾಗಿಲ್ಲ. ಸೋತರೆ ಮುಖ ಊದಿಸಿಕೊಳ್ಳುವ ಹಾಗಿಲ್ಲ. ನನಗೆ ಈ ಕೊನೆಯದು ಒಂದು ದಿನವೂ ಬರಲಿಲ್ಲ ಬಿಡಿ.

ಇದೆಲ್ಲ ಆಡುವವರಿಗಾಯಿತು. ಅವರ ನಿಜವಾದ ಹುಚ್ಚು ಇದ್ದದ್ದು ನೋಡುವವರ ಮೇಲೆ. ಶನಿವಾರ ಬೆಳಿಗ್ಗೆ ಎರಡು ಕ್ಲಾಸಿನವರನ್ನು ಆಡಲು ಬಿಟ್ಟು, ಉಳಿದ ಇಡೀ ಶಾಲೆಯನ್ನು ಸುತ್ತ ಕೂರಿಸಿ "ನೋಡೋ ಡ್ರಿಲ್" ಮಾಡಿಸುತ್ತಿದ್ದರು. ಅಂಕಣದ ಗೆರೆಯಿಂದಾಚೆ ಒಂದಿಷ್ಟು ದೂರಕ್ಕೆ ಸುಣ್ಣದ ಪುಡಿಯಲ್ಲಿ ಇನ್ನೊಂದು ಗೆರೆ. ಆ ಗೆರೆ ದಾಟಿ ಯಾರೂ ಮುಂದೆ ಬರಬಾರದು. ಆಟ ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಪೀಪಿ ಊದಿ, ಕೂತವರಲ್ಲಿ ಒಬ್ಬನನ್ನು ಎಬ್ಬಿಸುವರು. "ಈಗ ಚೆನ್ನಾಗಿ ಓಡಿದ್ದು ಯಾರು? ಹೆಸರು ಹೇಳು." ತನ್ನ ಕ್ಲಾಸಿನವರ ಹೆಸರು ಬಿಟ್ಟು ಆಚೆಯವರ ಹೆಸರು ಗೊತ್ತಿಲ್ಲದಿದ್ದರೆ ಅವನು ಮೈದಾನಕ್ಕೆ ಒಂದು ಸುತ್ತು ಓಡಬೇಕು. "ಕುಳ್ಳ", "ಕರಿಯ", "ಮೆಳ್ಳೆಗಣ್ಣ" ಅಂತ ಕೂಗಿದರೆ ಎರಡು ಸುತ್ತು. ಆಚೆಯವರ ಒಳ್ಳೆಯ ಆಟಕ್ಕೆ ಚಪ್ಪಾಳೆ ಬೀಳದಿದ್ದರೆ ಇಡೀ ಸಾಲಿಗೇ ಶಿಕ್ಷೆ.

ಹೆಡ್ಮೇಷ್ಟ್ರು ಒಂದು ದಿನ ವರಾಂಡದಿಂದಲೇ ನಗಾಡಿದರು. "ಏನ್ರೀ ಇದು, ಕೂತ್ಕೊಳ್ಳೋದಕ್ಕೂ ಡ್ರಿಲ್ಲಾ?"

"ಆಡೋರು ಹದಿನೆಂಟು ಜನ ಸಾರ್, ನೋಡೋರು ಊರೆಲ್ಲ. ಆಟ ಕೆಡಿಸೋರು ಯಾವ ಕಡೆ ಜಾಸ್ತಿ ಇರ್ತಾರೆ, ನೀವೇ ಹೇಳಿ," ಅಂದರು ಮೇಷ್ಟ್ರು. ಹೆಡ್ಮೇಷ್ಟ್ರು ತಲೆ ಚಚ್ಚಿಕೊಂಡು ಒಳಗೆ ಹೋದರು.

ನಾವು ಹುಡುಗಿಯರು ಖೋಖೋ ಆಡಲು ಶುರುಮಾಡಿದಾಗ ಕಾಂಪೌಂಡಿನ ಮೇಲೆ ಕೂತು ಸಿಳ್ಳೆ ಹೊಡೆಯುವ ಪುಂಡರ ಒಂದು ದಂಡೇ ಇತ್ತು. ಲಂಗ ಎತ್ತಿ ಕಟ್ಟಿಕೊಂಡು ಓಡುವುದೇ ನಮಗೆ ನಾಚಿಕೆ, ಅದರ ಮೇಲೆ ಇವರ ಕಾಟ. ಮೇಷ್ಟ್ರು ಒಂದು ಸಂಜೆ ಆ ದಂಡಿನ ಲೀಡರನ್ನು ತೋಳು ಹಿಡಿದು ಇಳಿಸಿಕೊಂಡು ಬಂದರು. ಹೊಡೆಯಲಿಲ್ಲ, ಬೈಯಲಿಲ್ಲ. ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, "ಈವತ್ತು ಇವನು ಓಡ್ತಾನೆ, ನೀವು ನೋಡಿ. ಸುಮ್ನೆ ನೋಡಿ, ನಗಬೇಡಿ," ಅಂದರು. ಅವನು ಪ್ಯಾಂಟು ಎಳೆದುಕೊಳ್ಳುತ್ತಾ, ಬೆವರುತ್ತಾ ಮೈದಾನ ಸುತ್ತಿದ. ನಾವು ಮಿಕಮಿಕ ನೋಡಿದೆವು. ಅರ್ಧ ಸುತ್ತಿಗೇ ಅವನ ಮುಖ ಕೆಂಪಗೆ ಕುದಿಯುತ್ತಿತ್ತು. "ನೋಡಿಸಿಕೊಳ್ಳೋದು ಎಷ್ಟು ಕಷ್ಟ ಗೊತ್ತಾಯ್ತೇನಪ್ಪ? ನಾಳೆಯಿಂದ ನೀನು ಒಳಗೆ ಬಂದು ಕೂತ್ಕೊಂಡು ನೋಡು," ಅಂದರು. ಅವನು ನಿಜವಾಗಿಯೂ ಬಂದ. ಆಮೇಲೆ ನಮ್ಮ ಪಾರ್ಟಿಗೆ ಸುಣ್ಣದ ಗೆರೆ ಹಾಕಿಕೊಡುವವನೇ ಅವನಾದ.

ನನ್ನನ್ನು ಆಟಕ್ಕೆ ಬಿಟ್ಟದ್ದು ನಮ್ಮ ಮನೆಯವರು ಒಲಿದು ಅಲ್ಲ. ನಮ್ಮಪ್ಪ ತೋಟ, ತುಡಿಕೆ, ಎತ್ತು, ಗಾಡಿ ಅಂತ ಇದ್ದ ಮನುಷ್ಯ. ಊರಲ್ಲಿ ನಾಲ್ಕು ಜನ ಮಾತು ಕೇಳುವಂಥ ಯಜಮಾನರು. ಮನೆಯಲ್ಲಿ ಅವರ ಬಾಯಿಂದ ಬರುವುದು ಮೂರೇ ಮಾತು, ಆ ಮೂರೂ ಅಪ್ಪಣೆ. ಅಜ್ಜಿಯಂತೂ ದಿನಾ ಗೊಣಗೋದು: "ಹೆಣ್ಣುಕೂಸು ಬಯಲಲ್ಲಿ ಗಂಡ್ಬೀರಿ ಥರ ಓಡಿದ್ರೆ ನಾಳೆ ಯಾರು ಮದ್ವೆ ಆಯ್ತಾರೆ?" ಮೇಷ್ಟ್ರು ನಮ್ಮ ಮನೆಯ ಜಗಲಿಗೆ ಎಷ್ಟು ಸಲ ಬಂದು ಕೂತರೋ. ಮೊದಲು ಆಟದ ಮಾತೇ ಇಲ್ಲ. ಈ ಸಲ ಕೊಬ್ಬರಿ ಹೇಗಿದೆ, ಅಟ್ಟದ ಮೇಲೆ ಕಾಯಿ ಒಣಗಿ ಗಿಟುಕಾಯಿತೇ, ಇಲಿಕಾಟ ಹೇಗೆ. ಹೀಗೆ ಮಾತಾಡಿ ಆಡಿ ಅಪ್ಪನನ್ನು ಹದಕ್ಕೆ ತಂದು, ನಾನು ಹತ್ತನೇ ಕ್ಲಾಸಿಗೆ ಬಂದ ವರ್ಷ ಒಂದು ದಿನ ಕೇಳಿಯೇಬಿಟ್ಟರು.

"ಯಜಮಾನ್ರೇ, ಈ ಮಗೀಗೆ ಓದೂ ಬರ್ತದೆ, ಓಟನೂ ಬರ್ತದೆ. ಎಸ್ಸೆಸ್ಸೆಲ್ಸಿ ಆದ್ಮೇಲೆ ತಿಪಟೂರು ಕಾಲೇಜಿಗೆ ಕಳ್ಸಿ."

ಅಪ್ಪ ನಕ್ಕರು. ನಮ್ಮ ಮನೆತನದಲ್ಲಿ ಗಂಡುಮಕ್ಕಳೇ ಕಾಲೇಜು ಕಂಡಿರಲಿಲ್ಲ. ಆದರೆ ಮನೆಗೆ ಬಂದ ಮೇಷ್ಟ್ರಿಗೆ ಇಲ್ಲ ಅನ್ನುವುದು ಹೇಗೆ? "ಆಗ್ಲಿ ಮೇಷ್ಟ್ರೇ," ಅಂದರು. "ಇವಳು ಆಡ್ಕೊಂಡು ಆಡ್ಕೊಂಡು ತುಮಕೂರು ಗಂಟ ಜಿಲ್ಲಾ ಮ್ಯಾಚಿಗೆ ಹೋದ್ರೆ ಕಾಲೇಜಿಗೆ ಕಳಿಸ್ತೀನಿ. ಹೋಗದೇ ಇದ್ರೆ ಮುಂದಿನ ವರ್ಷ ಮದ್ವೆ. ನನ್ ಮಾತು ಇಷ್ಟೇ."

ಅದು ಆಗದ ಕೆಲಸ ಅಂತಲೇ ಅಪ್ಪ ಹಾಗಂದದ್ದು. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಕೈಮುಗಿದರು. ಬಾಗಿಲ ಸಂದಿಯಲ್ಲಿ ನಿಂತು ನಾನು ಎಲ್ಲ ಕೇಳಿಸಿಕೊಂಡೆ. ಮಾರನೆಯ ದಿನದಿಂದ ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಮೈದಾನದಲ್ಲಿರುತ್ತಿದ್ದೆ.

ಆ ವರ್ಷ ನಾವು ಹೋಬಳಿ ಗೆದ್ದೆವು. ತಾಲ್ಲೂಕಿನ ಫೈನಲ್ ನಮ್ಮ ಮೈದಾನದಲ್ಲೇ ಬಂತು. ಗೆದ್ದವರು ಜಿಲ್ಲೆಗೆ. ಎದುರಿಗೆ ಬಂದದ್ದು ತಾಲ್ಲೂಕಿನ ಇನ್ನೊಂದು ಮೂಲೆಯ ಸಣ್ಣ ಶಾಲೆ. ಒಂಬತ್ತೇ ಹುಡುಗಿಯರು ಬಂದಿದ್ದರು. ಬದಲಿಗೆ ಆಡುವವರು ಒಬ್ಬರೂ ಇಲ್ಲ. ಉಳಿದವರನ್ನು ಮನೆಯಲ್ಲಿ ಕಳಿಸಲಿಲ್ಲವಂತೆ. ಅವರ ಪೈಕಿ ಗಿರಿಜ ಅಂತ ಒಬ್ಬಳಿದ್ದಳು. ಸಣಕಲು ಹುಡುಗಿ, ಕಾಲು ಮಾತ್ರ ಜಿಂಕೆಯದು. ನಮ್ಮ ಶಾಲೆಯ ಮಕ್ಕಳು ಪಾಠ ಮಾಡಿದ ಹಾಗೆ ಅವರೆಲ್ಲರ ಹೆಸರು ಕಲಿತುಕೊಂಡಿದ್ದರು. ಅವಳು ನನ್ನಿಂದ ತಪ್ಪಿಸಿಕೊಂಡಾಗಲೆಲ್ಲ "ಭಲೇ ಗಿರಿಜಾ!" ಅಂತ ನಮ್ಮವರೇ ಕೂಗಿದರು. ನನಗೋ ಉರಿ. ಮೇಷ್ಟ್ರ ಮುಖದಲ್ಲಿ ಮಾತ್ರ ಹಬ್ಬ.

ಅವತ್ತು ಅಪ್ಪ ಬಂದಿದ್ದರು. ಮೊದಲ ಸಲ. ಕಾಯಿ ಹೇರಿಕೊಂಡು ತಿಪಟೂರಿಗೆ ಹೋಗಬೇಕಿದ್ದ ಗಾಡಿಯನ್ನು ಬರಿದು ಮಾಡಿ ಹೊಡೆದುಕೊಂಡು ಬಂದು, ತೋಟದ ಅಂಚಿನಲ್ಲಿ ಎತ್ತು ಬಿಚ್ಚಿ, ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಜನರ ನಡುವೆ ನಿಂತಿದ್ದರು. ಮೊದಲ ಇನ್ನಿಂಗ್ಸ್ ಮುಗಿದಾಗ ನಾವೇ ಮುಂದಿದ್ದೆವು. ನಾನೊಬ್ಬಳೇ ಅವರ ಅರ್ಧ ಪಾರ್ಟಿಯನ್ನು ಔಟ್ ಮಾಡಿದ್ದೆ. ಜನ ನನ್ನ ಹೆಸರು ಹಿಡಿದು ಕೂಗಿದ್ದನ್ನು ಅಪ್ಪ ಕೇಳಿಸಿಕೊಂಡರು. ಮಗಳ ಮೇಲೆ ಇಷ್ಟು ಜನರ ಕಣ್ಣು ಬಿದ್ದರೆ ನಮ್ಮ ಕಡೆಯ ಯಾವ ಅಪ್ಪ ತಾನೇ ಸುಮ್ಮನಿರುತ್ತಾನೆ? ಗೆದ್ದ ಮೇಲೆ ದೇವಸ್ಥಾನದಲ್ಲಿ ಒಡೆಸಲು ಅಂತ ಗಾಡಿಯಲ್ಲಿ ಒಂದು ಕಾಯಿ ಇಟ್ಟುಕೊಂಡಿದ್ದರಂತೆ. ಅದನ್ನು ತಂದು, ಸುಣ್ಣದ ಹೊರಗೆರೆ ದಾಟಿ ಒಳಗೆ ಬಂದು, ದೂರದಿಂದಲೇ ನನ್ನ ಕಡೆಗೆ ಮೂರು ಸಲ ನಿವಾಳಿಸಿ, ಅಂಕಣದ ಕಂಬದ ಹಿಂದೆ ಇದ್ದ ಚಪ್ಪಡಿ ಕಲ್ಲಿಗೆ ಈಡುಗಾಯಿ ಹೊಡೆದರು. ಕಾಯಿ ಚೂರುಚೂರಾಗಿ ಎಗರಿತು. ಸಣ್ಣ ಮಕ್ಕಳು ಮುಗಿಬಿದ್ದು ಹೋಳುಗಳನ್ನು ಆರಿಸಿಕೊಂಡು ತಿಂದರು. ಕಾಯಿ ಹೋಯಿತು, ಕರಟದ ಚೂರುಗಳು ಮಣ್ಣಿನಲ್ಲಿ ಉಳಿದವು. ಮೇಷ್ಟ್ರು ಆ ಹೊತ್ತಿನಲ್ಲಿ ಎದುರು ಪಾರ್ಟಿಯ ಹುಡುಗಿಯರಿಗೆ ನೀರು ಕೊಡಿಸುತ್ತಾ ಮೈದಾನದ ಆಚೆ ಬದಿಯಲ್ಲಿದ್ದರು. ಅವರು ನೋಡಲಿಲ್ಲ.

ನಾನು ನೋಡಿದೆ. ನನಗಾದ ಹಿಗ್ಗು ಹೇಳತೀರದು. ಒಂದು ದಿನವೂ "ಊಟ ಮಾಡಿದ್ಯಾ" ಅಂತ ಕೇಳದ ಅಪ್ಪ, ಊರ ಮುಂದೆ ನನಗೆ ದೃಷ್ಟಿ ತೆಗೆದಿದ್ದರು.

ಎರಡನೇ ಇನ್ನಿಂಗ್ಸ್ ಶುರುವಾಯಿತು. ನಾವು ಬೆನ್ನಟ್ಟುವವರು, ಅವರು ಓಡುವವರು. ಖೋ ಸಿಕ್ಕ ತಕ್ಷಣ ನಾನು ಎದ್ದು ಗಿರಿಜಳ ಹಿಂದೆ ಬಿದ್ದೆ. ಅವಳು ಕಂಬವನ್ನು ಒಂದು ಕೈಯಲ್ಲಿ ಹಿಡಿದು ಗಿರಕ್ಕನೆ ತಿರುಗಿದಳು. ಆಗಲೇ "ಅವ್ವಾ!" ಅಂತ ಕಿರುಚಿ ಕುಸಿದಳು. ಚಾಚಿದ್ದ ನನ್ನ ಕೈ ಅವಳ ಬೆನ್ನಿಗೆ ತಾಗಿತ್ತು. ಅಂಪೈರ್ ಪೀಪಿ ಊದಿ ಔಟ್ ಕೊಟ್ಟರು. ದೊಡ್ಡವರ ಗುಂಪಿನಿಂದ ಸಿಳ್ಳೆ, ಚಪ್ಪಾಳೆ. ನಾನು ನೋಡುತ್ತೇನೆ, ಅವಳ ಬರಿಗಾಲಿನ ಅಂಗಾಲಿಗೆ ಕರಟದ ಚೂರು ಚಾಕುವಿನ ಹಾಗೆ ನಾಟಿದೆ. ಬಿಳಿ ಗೆರೆಯ ಮೇಲೆಲ್ಲ ರಕ್ತ.

ಮೇಷ್ಟ್ರು ಓಡಿ ಬಂದರು. ಅವಳನ್ನು ಎತ್ತಿ ಚಪ್ಪಡಿ ಕಲ್ಲಿನ ಮೇಲೆ ಕೂರಿಸಿ, ಚೂರು ಕಿತ್ತು, ತಮ್ಮ ಕರ್ಚೀಫು ಒತ್ತಿ ಹಿಡಿದರು. ಅಂಪೈರ್ ಬೇರೆ ಶಾಲೆಯ ಮೇಷ್ಟ್ರು, ಒಳ್ಳೆಯವರೇ. ಎದುರು ಪಾರ್ಟಿಯವರನ್ನು ಕೇಳಿದರು. ಬದಲಿಗೆ ಯಾರೂ ಇಲ್ಲ. "ಹಂಗಾದ್ರೆ ನೀವು ಎಂಟು ಜನ ಆಡಿ," ಅಂದರು. ಅದನ್ನು ಕೇಳಿ ಜನ ಇನ್ನೊಂದು ಸಲ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿ ಮೇಷ್ಟ್ರು ಮುಖ ಎತ್ತಿ ನೋಡಿದ್ದು ನನಗಿನ್ನೂ ನೆನಪಿದೆ. ಇಷ್ಟು ವರ್ಷ ಮಕ್ಕಳಿಗೆ ಡ್ರಿಲ್ ಮಾಡಿಸಿದರು, ಮಕ್ಕಳ ಅಪ್ಪಂದಿರಿಗೆ ಮಾಡಿಸಿದವರು ಯಾರು?

"ಕಾಯಿ ಒಡ್ದೋರು ಯಾರು?" ಕೇಳಿದರು.

ಅಪ್ಪ ಮುಂದೆ ಬಂದರು. ಬಚ್ಚಿಟ್ಟುಕೊಳ್ಳುವ ಜಾಯಮಾನ ಅವರದಲ್ಲ. "ನಾನೇ. ಯಾರಿಗೂ ಕೆಟ್ಟದ್ದು ಬಯಸಿ ಒಡ್ದಿಲ್ಲ. ದೇವ್ರ ಹೆಸ್ರಲ್ಲಿ ಒಡ್ದಿದ್ದು."

"ಗೊತ್ತು ಯಜಮಾನ್ರೇ. ಆದ್ರೆ ಕಾಲು ಇನ್ನೊಬ್ಬರ ಮಗಳದು," ಅಂದರು ಮೇಷ್ಟ್ರು. ದನಿ ಏರಿಸಲಿಲ್ಲ. ಆಮೇಲೆ ಅಂಪೈರ್ ಕಡೆ ತಿರುಗಿ, "ನಮ್ಮ ಕಡೆನೂ ಎಂಟೇ ಜನ ಆಡ್ತಾರೆ," ಅಂದರು.

"ರೂಲಲ್ಲಿ ಹಂಗಿಲ್ಲ ಮೇಷ್ಟ್ರೇ. ನೀವು ಒಂಬತ್ತು ಜನ ಆಡಿಸಬಹುದು."

"ಆಡಿಸಬಹುದು ಅಂತ ಐತೆ. ಆಡಿಸಲೇಬೇಕು ಅಂತ ಇಲ್ವಲ್ಲ ಸಾರ್."

ಅಷ್ಟು ಹೇಳಿ ನನ್ನ ಹತ್ತಿರ ಬಂದರು. ನಾವು ಒಂಬತ್ತು ಜನ ನಿಂತಿದ್ದೆವು. ಯಾರನ್ನು ಬೇಕಾದರೂ ಕರೆಯಬಹುದಿತ್ತು. ನಮ್ಮಲ್ಲಿ ಮೂಲೆಯ ಚೌಕದಲ್ಲಿ ಕೂತು ನಿದ್ದೆ ಹೊಡೆಯುವವಳೂ ಒಬ್ಬಳಿದ್ದಳು. ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು, "ಅವರ ಒಳ್ಳೆ ಆಟಗಾರ್ತಿ ಹೊರಗೆ ಹೋದಳು. ನಮ್ಮ ಒಳ್ಳೆ ಆಟಗಾರ್ತಿ ಹೊರಗೆ ಕೂತ್ಕೋಬೇಕು," ಅಂದರು.

"ನಾನೇನ್ ಮಾಡ್ದೆ ಸಾ?" ಅಂದೆ.

"ನೀನೇನೂ ಮಾಡಿಲ್ಲ ಕಣವ್ವ. ಹೋಗು, ಕೂತ್ಕೊ."

ಅಪ್ಪ ಕೆರಳಿದರು. "ಮೇಷ್ಟ್ರೇ, ಒಡ್ದೋನು ನಾನು, ನನ್ನ ಕೇಳಿ! ಮಗೀನ ಯಾಕೆ ಕೂರಿಸ್ತೀರಾ? ನಾನು ಏನ್ ಮಾತು ಕೊಟ್ಟಿವ್ನಿ ಅಂತ ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಆ ಮಾತು ಪಡೆದವರೇ ಅವರು. ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ, "ನಿಮಗೆ ಬೇರೆ ಕೆಲ್ಸ ಐತೆ ಯಜಮಾನ್ರೇ. ಗಾಡಿ ಕಟ್ಟಿ. ಆ ಮಗೀನ ಆಸ್ಪತ್ರೆಗೆ ಕರ್ಕೊಂಡು ಹೋಗಿ," ಅಂದರು. ನಮ್ಮಪ್ಪನಿಗೆ ಹಾಗೆ ಅಪ್ಪಣೆ ಕೊಟ್ಟವರನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಅಪ್ಪ ಅವರ ಮುಖವನ್ನೇ ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಗಿರಿಜಳ ಕಾಲಿನಿಂದ ರಕ್ತ ತೊಟ್ಟಿಕ್ಕುವುದನ್ನು ನೋಡಿದರು. ಹೆಗಲ ಮೇಲಿನ ವಲ್ಲಿ ತೆಗೆದು ಅವಳ ಪಾದಕ್ಕೆ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಗಾಡಿಯ ಕಡೆ ನಡೆದರು. ಗಿರಿಜಳ ಶಾಲೆಯ ಟೀಚರೊಬ್ಬರು ಜೊತೆಗೆ ಹೋದರು.

ಇನ್ನು ಜನ. ಗೊಣಗಾಟ ಶುರುವಾಗಿತ್ತು. ಮೇಷ್ಟ್ರು ಅವರಿಗೆ ಭಾಷಣ ಮಾಡಲಿಲ್ಲ. ತಮ್ಮ ಬಿಳಿ ಪ್ಯಾಂಟಿನಲ್ಲೇ ಕಂಬದ ಬುಡದಲ್ಲಿ ಮಂಡಿಯೂರಿ ಮಣ್ಣು ಸವರುತ್ತಾ ಕರಟದ ಚೂರು ಆರಿಸತೊಡಗಿದರು. ನೋಡೋ ಡ್ರಿಲ್ ಮಾಡಿದ್ದ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಬಂದು ಪಕ್ಕದಲ್ಲಿ ಕೂತು ಆರಿಸಿದರು. ಆಮೇಲೆ ಮಂಡಿಯ ಹಮಾಲರು ಇಬ್ಬರು ಬಂದರು. ಆಮೇಲೆ ಸಿಳ್ಳೆ ಹೊಡೆದಿದ್ದವರೂ ಪಂಚೆ ಎತ್ತಿ ಕಟ್ಟಿಕೊಂಡು ಬಂದು ಬಗ್ಗಿದರು. ಊರಿನ ಅಷ್ಟು ಗಂಡಸರು ನೆಲಕ್ಕೆ ಬಗ್ಗಿ ಹುಡುಗಿಯರು ಓಡುವ ಜಾಗ ಚೊಕ್ಕಟ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆದರೆ ಆವತ್ತು ಅದರ ಚಂದ ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ಗೆರೆಯಾಚೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದೆ.

ಸೋತೆವು. ಕೂದಲೆಳೆಯಲ್ಲಿ ಸೋತೆವು. ನಮ್ಮ ಶಾಲೆಯ ಮಕ್ಕಳು ಎದ್ದು ನಿಂತು ಗೆದ್ದವರ ಒಬ್ಬೊಬ್ಬರ ಹೆಸರು ಹಿಡಿದು ಚಪ್ಪಾಳೆ ತಟ್ಟಿದರು, ಅಲ್ಲಿಲ್ಲದ ಗಿರಿಜಳ ಹೆಸರನ್ನೂ ಸೇರಿಸಿ.

ಅಪ್ಪ ಆ ಹುಡುಗಿಗೆ ಹೊಲಿಗೆ ಹಾಕಿಸಿ, ಅವಳ ಊರಿಗೇ ಗಾಡಿಯಲ್ಲಿ ಬಿಟ್ಟು ಬಂದರು. ಅಜ್ಜಿ ನಡುಮನೆಯಿಂದ "ಸೋತಳಂತಲ್ಲ, ಸದ್ಯ ಆಯ್ತು ಬುಡು," ಅಂದಳು. ಅಪ್ಪ ಬಾವಿಕಟ್ಟೆಗೆ ಹೋಗಿ ರಕ್ತವಾಗಿದ್ದ ವಲ್ಲಿಯನ್ನು ತಾವೇ ಒಗೆದರು. ನಮ್ಮಪ್ಪ ಬಟ್ಟೆ ಒಗೆದದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ.

ಊರಲ್ಲಿ ಮೇಷ್ಟ್ರಿಗೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ. "ಗೆಲ್ಲೋ ಆಟಾನ ಕೈಯಾರೆ ಸೋಲಿಸ್ದ ಮಾರಾಯ" ಅಂತ ಹೋಟೆಲಿನಲ್ಲಿ ಅವರಿಗೆ ಕೇಳುವ ಹಾಗೇ ಆಡಿಕೊಂಡರು. ಅವರು ಎಡಗಿವಿಯನ್ನು ಆ ಕಡೆ ತಿರುಗಿಸಿಕೊಂಡು ಇಡ್ಲಿ ತಿಂದು ಎದ್ದು ಬರುತ್ತಿದ್ದರು. ಜನ ಕಾಯಿ ಒಡೆಯುವುದನ್ನು ಬಿಡುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ಗೇಟಿನ ಹೊರಗೆ ಹುಣಸೆಮರದ ಕೆಳಗೆ ಒಂದು ಕಲ್ಲು ಹಾಕಿಸಿ, ಪಕ್ಕದಲ್ಲಿ ಒಂದು ಮಂಕರಿ ಇಟ್ಟು, "ಯಾರ ಕಾಯಿ ಆದ್ರೂ ಇಲ್ಲೇ ಒಡೀರಪ್ಪ, ಹೋಳು ಎರಡೂ ಪಾರ್ಟಿಗೂ ಹಂಚಾನ," ಅಂದರು. ಆಮೇಲಿನ ಆಟಗಳಿಗೆಲ್ಲ ಅದೇ ಪದ್ಧತಿಯಾಯಿತು.

ನಾನು ಮಾತ್ರ ಆರೇಳು ತಿಂಗಳು ಅವರ ಹತ್ತಿರ ಮಾತು ಬಿಟ್ಟೆ. ಹಾಜರಿಗೆ "ಎಸ್ ಸಾರ್" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಎದುರಿಗೆ ಬಂದರೆ ಮುಖ ತಿರುಗಿಸಿ ಹೋಗುವೆ. ನನ್ನ ಕೋಪ ಅಂದರೆ ಅದು ಹಾಗೇ, ಅಜ್ಜಿಯ ಬಳುವಳಿ. ಸಂಪಿಗೆ ಕಡೆಯಿಂದ ಒಂದು ಗಂಡಿನ ಮನೆಯವರು ಆಗಲೇ ಜಾತಕ ತರಿಸಿಕೊಂಡಿದ್ದರು. ಪರೀಕ್ಷೆಗೆ ಮುಂಚಿನ ಕೊನೆಯ ದಿನ ತಡೆಯಲಾರದೆ ಮೇಷ್ಟ್ರನ್ನು ಆಟದ ಸಾಮಾನಿನ ಕೋಣೆಯ ಬಾಗಿಲಲ್ಲಿ ಹಿಡಿದೆ.

"ಅಪ್ಪ ಏನ್ ಮಾತು ಹೇಳಿದ್ರು ಅಂತ ಗೊತ್ತಿದ್ದೂ ನನ್ನೇ ಯಾಕೆ ಕೂರಿಸಿದ್ರಿ ಸಾ?"

ಅವರು ಕೈಯಲ್ಲಿದ್ದ ರಿಂಗ್ ಕೆಳಗಿಟ್ಟರು. "ಬೇರೆ ಯಾರ್ನಾದ್ರೂ ಕೂರಿಸಿದ್ರೆ ಲೆಕ್ಕಕ್ಕೆ ಸರಿಹೋಗ್ತಿತ್ತು ಕಣವ್ವ. ನ್ಯಾಯಕ್ಕೆ ಸರಿಹೋಗ್ತಿರಲಿಲ್ಲ. ಅವರಿಗೂ ಗೊತ್ತಾಗ್ತಿತ್ತು, ನಮಗೂ ಗೊತ್ತಾಗ್ತಿತ್ತು."

"ಮತ್ತೆ ನನ್ನ ಕಾಲೇಜು?"

"ಅದಕ್ಕೆ ನನ್ನತ್ರ ಉತ್ತರ ಇಲ್ಲ ಮಗ," ಅಂದರು. ಕಣ್ಣಲ್ಲಿ ನೀರು ಬಂದಿತ್ತು. ದೊಡ್ಡವರು ಉತ್ತರ ಇಲ್ಲ ಅಂತ ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೈಯಬೇಕು ಅಂತ ಕೂಡಿಟ್ಟುಕೊಂಡಿದ್ದ ಮಾತೆಲ್ಲ ನುಂಗಿಕೊಂಡು ಮನೆಗೆ ಬಂದೆ.

ರಿಸಲ್ಟ್ ಬಂತು. ಫಸ್ಟ್ ಕ್ಲಾಸು. ಮಾರನೆಯ ದಿನ ಅಪ್ಪ ಒಗೆದ ಪಂಚೆ ಉಟ್ಟು, "ಬಾ, ಹೋಗ್ಬರಾನ," ಅಂದರು. ಗಂಡಿನ ಕಡೆಯವರ ಮನೆಗೇ ಅಂದುಕೊಂಡು ನಾನು ಅಳುತ್ತಲೇ ಗಾಡಿ ಹತ್ತಿದೆ. ಗಾಡಿ ನಿಂತದ್ದು ಮಂಡಿಯ ಹಿಂದೆ, ಮೇಷ್ಟ್ರ ಕೋಣೆಯ ಮುಂದೆ.

ಮೇಷ್ಟ್ರು ಬನಿಯನ್ನಿನಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದವರು ಗಾಬರಿಯಿಂದ ಎದ್ದರು. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡಿರಬೇಕು. ಅಪ್ಪ ಹೊಸ್ತಿಲಾಚೆಯೇ ನಿಂತು ಹೇಳಿದರು: "ನಾಳೆ ತಿಪಟೂರಿಗೆ ಹೋಗಿ ಇವಳ್ನ ಕಾಲೇಜಿಗೆ ಸೇರಿಸ್ಬೇಕು. ಅಲ್ಲಿ ಆಫೀಸಲ್ಲಿ ಏನು ಎತ್ತ ಮಾತಾಡೋದು ನಂಗೊತ್ತಿಲ್ಲ. ನೀವು ಜೊತೆಗೆ ಬರ್ಬೇಕು ಮೇಷ್ಟ್ರೇ."

ಮೇಷ್ಟ್ರಿಗೆ ತಟ್ಟನೆ ಅರ್ಥವಾಗಲಿಲ್ಲ. "ಜಿಲ್ಲೆಗೆ ಹೋಗಲಿಲ್ವಲ್ಲ ಯಜಮಾನ್ರೇ? ನಿಮ್ ಮಾತು..."

"ತಪ್ಪು ಮಾಡಿದ್ದು ನಾನು. ಅದಕ್ಕೆ ಆಟದಿಂದ ಹೊರಗೆ ಕೂತಿದ್ದು ಇವಳು," ಅಂದರು ಅಪ್ಪ. "ಒಂದ್ ಸಲ ನೀವು ಕೂರಿಸಿದ್ರಿ, ಸರಿಯಾಗೇ ಕೂರಿಸಿದ್ರಿ. ಅದೇ ತಪ್ಪಿಗೆ ನಾನು ಇನ್ನೊಂದ್ ಸಲ ಮನೇಲಿ ಕೂರಿಸಾಕಾಯ್ತದಾ? ಅದ್ಯಾವ ಆಟದ ನ್ಯಾಯ?"

ಮೇಷ್ಟ್ರು ಸೊಪ್ಪಿನ ಮೊರ ಹಿಡಿದುಕೊಂಡೇ ಗೋಡೆ ಕಡೆ ತಿರುಗಿ ನಿಂತರು. ಆ ಅಗಲವಾದ ಬೆನ್ನು ಅಲುಗುತ್ತಿತ್ತು. ಅಪ್ಪ ಕೆಮ್ಮಿ, ಎತ್ತುಗಳಿಗೆ ನೀರು ಕುಡಿಸುವ ನೆಪ ಮಾಡಿಕೊಂಡು ಆಚೆ ಹೋದರು. ನಾನು ಮೊರ ಇಸಕೊಂಡು ಅಲ್ಲೇ ಕೂತು ಸೊಪ್ಪು ಬಿಡಿಸಿದೆ.

ಮಾರನೆಯ ದಿನ ಮೂವರೂ ಬಸ್ಸಿನಲ್ಲಿ ತಿಪಟೂರಿಗೆ ಹೋದೆವು. ಕಾಲೇಜಿಗೆ ಸೇರಿದೆ, ಅಲ್ಲೂ ಆಡಿದೆ, ಮುಂದೆ ಓದಿ ಮೇಷ್ಟ್ರಗಿರಿಯನ್ನೇ ಹಿಡಿದೆ. ಡ್ರಿಲ್ ಅಲ್ಲ, ಗಣಿತ. ನಾನು ಕಾಲೇಜಿಗೆ ಸೇರಿದ ವರ್ಷವೇ ಮೇಷ್ಟ್ರಿಗೆ ದೂರದ ಊರಿಗೆ ವರ್ಗವಾಯಿತು. ಬೇಸಿಗೆ ರಜೆಯಲ್ಲಿ ಒಮ್ಮೊಮ್ಮೆ ನಮ್ಮ ಜಗಲಿಗೆ ಬಂದು ಅಪ್ಪನ ಜೊತೆ ಕೂತು ಹೋಗುತ್ತಿದ್ದರು. ಇಬ್ಬರೂ ಮಾತಾಡುತ್ತಿದ್ದದ್ದು ಕೊಬ್ಬರಿ, ಇಲಿ, ಮಳೆ. ಆ ದಿನದ ಆಟದ ಸುದ್ದಿಯನ್ನು ಒಬ್ಬರೂ ಎತ್ತಿದ್ದು ನಾನು ಕೇಳಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೇಷ್ಟ್ರು ರಿಟೈರಾಗಿ ಊರು ಸೇರಿದ್ದರು. ಒಂದು ಬೆಳಿಗ್ಗೆ ಹೋಗಿಬಿಟ್ಟರು ಅಂತ ಸುದ್ದಿ ಬಂತು. ಅಪ್ಪನೂ ನಾನೂ ಸಿಕ್ಕ ಬಸ್ಸು ಹಿಡಿದು ಹೊರಟೆವು. ನಾವು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಜನ ತಿರುಗಿದ್ದರು. ಅಪ್ಪ ಗಂಡಸರ ಜೊತೆ ಅಂಗಳದಲ್ಲಿ ಕೂತರು. ನಾನು ಒಳಗೆ ಹೋಗಿ ಮೇಷ್ಟ್ರ ಹೆಂಡತಿಯ ಪಕ್ಕದಲ್ಲಿ ಕೂತೆ. ಆಯಮ್ಮನನ್ನು ನಾನು ನೋಡಿದ್ದು ಅದೇ ಮೊದಲು.

"ಶಿಷ್ಯರೇನವ್ವ? ಬೆಳಿಗ್ಗೆಯಿಂದ ಎಲ್ಲ ಊರಿಂದಾನೂ ಬತ್ತಾವ್ರೆ," ಅಂದರು. "ಶಾಲೆ ಸಮಾಚಾರ ಮನೇಲಿ ಆಡ್ತಾನೇ ಇರಲಿಲ್ಲ ಕಣವ್ವ ಅವರು. ಒಂದ್ ಸಲ ಮಾತ್ರ, ತುರುವೇಕೆರೆ ಕಡೆ ಸ್ಕೂಲಲ್ಲಿದ್ದಾಗ, ಯಾವ್ದೋ ಆಟದ ಮ್ಯಾಚು ಮುಗಿಸ್ಕೊಂಡು ಬಂದೋರು, ಎರಡು ದಿನ ಊಟಕ್ಕೆ ಕೂತು ಕೂತು ಎದ್ದೋದ್ರು. ಏನಾಯ್ತು ಅಂತ ಬಲವಂತ ಮಾಡಿದ್ದಕ್ಕೆ, 'ಒಂದ್ ಮಗೀನ ಕೂರಿಸ್ಬುಟ್ಟು ಬಂದಿವ್ನಿ ಕಣೇ, ಅದು ಇನ್ನು ಏಳ್ತದೋ ಇಲ್ವೋ' ಅಂದ್ರು. ಅಷ್ಟೇ. ಆ ವರ್ಷವೆಲ್ಲ ಮನುಷ್ಯ ನಗಲೇ ಇಲ್ಲ. ಆಮೇಲೆ ಮಳೆಗಾಲದಲ್ಲಿ ಒಂದಿನ ಬಾಗಿಲಲ್ಲೇ ಚೀಲ ಬಿಸಾಕಿ, 'ಒಬ್ಬಟ್ಟು ಮಾಡು' ಅಂದ್ರು. ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ಯಾಕ್ರೀ ಅಂದೆ. 'ಆ ಮಗು ಎದ್ದಳು ಕಣೇ' ಅಂದ್ರು."

ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಯಾವ ಮಗು, ಏನ್ ಕತೆ ಅಂತ ಕೊನೆಗಂಟಲೂ ಹೇಳಲಿಲ್ಲ. ನೀನು ಅದೇ ಸ್ಕೂಲಲ್ಲಿ ಓದ್ದೋಳಾ? ನಿಂಗೇನಾದ್ರೂ ಗೊತ್ತೇನವ್ವ ಅವಳು?"

ನಾನು ಆ ತಾಯಿಯ ಎರಡೂ ಕೈ ಹಿಡಿದುಕೊಂಡೆ. "ನಾನೇ ಕಣಮ್ಮ," ಅಂದೆ.